ನೂರಾ ಒಂದರಿಂದ ನೂರಾ ಎಪ್ಪತ್ತೆರಡು

ಬೋರ್ಡಿನಲ್ಲಿ ಇನ್ನೂರು ನಂಬರುಗಳಿಗೆ ಜಾಗವಿತ್ತು, ಇನ್ನೂರೂ ತುಂಬಿದ್ದವು. ಒಂದೊಂದು ನಂಬರಿನೊಳಗೆ ಒಂದೊಂದು ಬೆಳಕು. ಯಾವ ದೀಪ ಎಷ್ಟು ಹತ್ತಬೇಕು, ಎಷ್ಟು ನಿಧಾನ ಏರಬೇಕು, ಎಲ್ಲವೂ ಅದರಲ್ಲಿ ಕೂಡಿಟ್ಟಿರುತ್ತದೆ. ನಂಬರು ಒತ್ತಿದರೆ ರಂಗದ ಮೇಲೆ ಅದೇ ಬೆಳಕು ಬಂದು ನಿಲ್ಲುತ್ತದೆ. ಗದಗಿನ ನಮ್ಮ ನಾಟಕದ ಹಾಲಿನಲ್ಲಿ ಅದಕ್ಕೆ ಪ್ರಿಸೆಟ್ ಅನ್ನುತ್ತಿದ್ದೆವು.

ಇಪ್ಪತ್ತರವರೆಗಿನವು ಹಾಲಿನವು. ಇಪ್ಪತ್ತೊಂದರಿಂದ ನೂರರವರೆಗೆ, ನನ್ನ ಜೊತೆ ಅಲ್ಲಿ ದೀಪ ನೋಡಿಕೊಳ್ಳುತ್ತಿದ್ದ ಹೊಳೆಯಪ್ಪನವು. ನೂರಾ ಒಂದರಿಂದ ನೂರಾ ಎಪ್ಪತ್ತೆರಡು ನನ್ನವು. ಉಳಿದ ಇಪ್ಪತ್ತೆಂಟು ಬೆಟಗೇರಿಯ ಒಬ್ಬ ಡಾನ್ಸ್ ಮಾಸ್ತರರವು. ಹಾಲಿನ ಕುರ್ಚಿಗಳನ್ನು ಅವರೇ ಮಾಡಿಸಿಕೊಟ್ಟಿದ್ದರಿಂದ ಆ ಇಪ್ಪತ್ತೆಂಟಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ.

ನನ್ನ ಎಪ್ಪತ್ತೆರಡು ಬೆಳಕುಗಳನ್ನು ನಾನು ಏಳು ವರ್ಷ ಕೂತು ಮಾಡಿದ್ದೆ. ಅದಕ್ಕೂ ಮುಂಚೆ ಮೂವತ್ತೈದು ವರ್ಷ ನಾಟಕ ಕಂಪನಿಗಳಲ್ಲಿ ದೀಪ ಹಚ್ಚಿದವನು ನಾನು. ಅಲ್ಲಿ ಕಂಡದ್ದು, ಊರೂರಲ್ಲಿ ಕಂಡದ್ದು, ಎಲ್ಲವನ್ನೂ ಆ ಎಪ್ಪತ್ತೆರಡರಲ್ಲಿ ಇಟ್ಟಿದ್ದೆ. ಆಮೇಲೆ ನನ್ನ ಕಣ್ಣು ಹೋಗತೊಡಗಿದವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಹತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಅಂತ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಹಳದಿಗೂ ಬಿಳಿಗೂ ಫರಕು ತಿಳಿಯುತ್ತಿರಲಿಲ್ಲ. ಎದುರು ಕೂತವರ ಮುಖದ ನಡುವೆ ಹೊಗೆ ಇದ್ದಂತೆ ಕಾಣುತ್ತಿತ್ತು. ಆದರೆ ಬೋರ್ಡಿನ ಗುಂಡಿಗಳು ನನ್ನ ಬೆರಳಿಗೆ ಗೊತ್ತಿದ್ದವು, ನಂಬರುಗಳು ತಲೆಯಲ್ಲಿದ್ದವು. ಯಾರಿಗೂ ಹೇಳಿರಲಿಲ್ಲ. ಆ ಎಪ್ಪತ್ತೆರಡು ಅಳಿಸಿಹೋದರೆ ಇನ್ನೊಮ್ಮೆ ಮಾಡಲು ನನ್ನಿಂದ ಆಗುವುದಿಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು.

ಶನಿವಾರ ಶಿರಹಟ್ಟಿಯ ಹೆಣ್ಣುಮಕ್ಕಳ ತಂಡವೊಂದು ನಾಟಕ ಆಡುವುದಿತ್ತು. ಶುಕ್ರವಾರ ಸಂಜೆಯೇ ಬಂದು ಬೆಳಕು ನೋಡಿಕೊಳ್ಳುತ್ತೇವೆ ಅಂದಿದ್ದರು. ಹಾಲಿನ ಕಾರ್ಯದರ್ಶಿ ನಿಜಲಿಂಗಪ್ಪ ಶುಕ್ರವಾರ ಮಧ್ಯಾಹ್ನ ನನ್ನನ್ನೂ ಹೊಳೆಯಪ್ಪನನ್ನೂ ಲೈಟ್ ರೂಮಿಗೆ ಕರೆಸಿದ.

"ಅವರಿಗೆ ಹತ್ತು ಜಾಗ ಬೇಕು. ಯಾರವು ತಗೀತೀರಿ ತಗೀರಿ, ನನಗ ಸಂಬಂಧ ಇಲ್ಲ. ಕೌಸರ ಅದಕ್ಕೊಂದು ಟೂಲ್ ಮಾಡ್ಯಾಳ. ಅದನ್ನ ಹೆಂಗ ನಡಸಬೇಕಂತ ಒಂದು ಕಾಗದ ಬರೀರಿ. ಗ್ವಾಡಿಗೆ ಹಚ್ಚೂನು. ನಾಳೆ ನೀವಿಬ್ಬರೂ ಇರಲಿಲ್ಲಂದ್ರೂ ಹಾಲು ನಡೀಬೇಕು."

"ನಾವಿಬ್ಬರೂ ಎಲ್ಲಿ ಹೊಂಟೀವ್ರಿ?" ಅಂದ ಹೊಳೆಯಪ್ಪ.

"ವಯಸ್ಸು ಎಷ್ಟಾತು ನಿಮಗ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಅವನು ಕೆಳಗೆ ಹೋದ.

ಕೌಸರ ಹಾಲಿನ ಸೌಂಡು ಮತ್ತು ಲೈಟು ನೋಡಿಕೊಳ್ಳುವವಳು. ಕಾಲೇಜಿನಲ್ಲಿ ಕಂಪ್ಯೂಟರು ಕಲಿತಿದ್ದಳು. ಬೋರ್ಡಿನಲ್ಲೇ ಒಂದು ಪ್ರಿಸೆಟ್ ಅಳಿಸಲು ಎಂಟು ಸಲ ಗುಂಡಿ ಒತ್ತಬೇಕಾಗಿತ್ತು, ಆ ಗುಂಡಿಗಳೂ ಸವೆದಿದ್ದವು. ಅದಕ್ಕೆ ತನ್ನ ಲ್ಯಾಪ್‌ಟಾಪಿನಿಂದ ಬೋರ್ಡಿಗೆ ವೈರು ಎಳೆದು, ಅಲ್ಲಿಂದಲೇ ಅಳಿಸುವಂತೆ ಮಾಡಿದ್ದಳು. ತೆರೆಯ ಮೇಲೆ ಎರಡು ಖಾನೆ, ಕೆಳಗೆ ಒಂದು ಕೆಂಪು ಗುಂಡಿ. ಬೋರ್ಡಿನ ಕಾರ್ಡು ಹಾಕುವ ಬಾಯಿ ಎಂದೋ ಕೆಟ್ಟಿದ್ದರಿಂದ ಅದರೊಳಗಿನದಕ್ಕೆ ಇನ್ನೊಂದು ನಕಲು ಇರಲಿಲ್ಲ. ಅಳಿಸಿದ್ದು ಅಳಿಸಿದ ಹಾಗೆಯೇ.

ನಮ್ಮಿಬ್ಬರಿಗೂ ಅವಳು ಒಂದು ಮಾತು ಹೇಳಿದಳು. "ಜಗಳಾ ಆಡಾಕ ಹತ್ತಿದ್ರ ನಾ ಕೆಳಗ ಹೋಗಿಬಿಡ್ತೀನಿ."

ನಾನೂ ಹೊಳೆಯಪ್ಪನೂ ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದವರು. ಆಗ ಇಂಥ ಬೋರ್ಡು ಎಲ್ಲಿಯದು. ಉಪ್ಪುನೀರಿನ ಗಡಿಗೆಗಳೇ ನಮ್ಮ ಬೋರ್ಡು. ನೀರಿಗೆ ಹಿಡಿಯಷ್ಟು ಉಪ್ಪು ಹಾಕಿ, ವೈರು ಕಟ್ಟಿದ ತಾಟನ್ನು ಹಗ್ಗದಿಂದ ನಿಧಾನ ಇಳಿಸಿದರೆ ದೀಪ ನಿಧಾನ ಏರುತ್ತಿತ್ತು. ಉಪ್ಪು ಹೆಚ್ಚಾದರೆ ಒಮ್ಮೆಲೇ ಹತ್ತಿಬಿಡುತ್ತಿತ್ತು. ಮುಂಡರಗಿ ಕ್ಯಾಂಪಿನಲ್ಲಿ ಒಂದು ದಿನ, ಸತ್ತ ಕೂಸನ್ನು ತಾಯಿ ಎತ್ತಿಕೊಂಡು ಬರುವ ಪ್ರವೇಶ. ನಾನು ತಾಟು ಇಳಿಸಿದ ಕೂಡಲೇ ದೀಪ ಭಗ್ಗನೆ ಹತ್ತಿತು. ಜನ ನಕ್ಕರು. ಆಟ ಮುಗಿದ ಮೇಲೆ ಕೈ ಹಾಕಿ ನೋಡಿದರೆ ಗಡಿಗೆಯ ತಳದಲ್ಲಿ ನಾಲ್ಕು ಬೆರಳು ಉಪ್ಪು ಕೂತಿತ್ತು. ಮರುದಿನ ಮಾಲೀಕರು ನನ್ನನ್ನು ಲಕ್ಷ್ಮೇಶ್ವರದ ಬಸ್ಸು ಹತ್ತಿಸಿದರು. ನನ್ನ ಜಾಗದಲ್ಲಿ ಹೊಳೆಯಪ್ಪ ಕೂತ. ಆ ಉಪ್ಪು ತಾನು ಹಾಕಿಲ್ಲ ಅಂತ ಅವನು ಇವತ್ತಿಗೂ ಹೇಳುತ್ತಾನೆ. ನಾನು ಇವತ್ತಿಗೂ ನಂಬುವುದಿಲ್ಲ.

ಕೌಸರ ಬರೆಯಲು ಕೂತಳು. ಮೊದಲನೆಯ ಸಾಲು ಓದಿ ಹೇಳಿದಳು: "ಅಳಿಸಬೇಕಾದ ಪ್ರಿಸೆಟ್‌ಗಳ ವ್ಯಾಪ್ತಿಯನ್ನು ನಮೂದಿಸಿ."

"ಇದು ಯಾರಿಗವ್ವಾ?" ಅಂದೆ ನಾನು.

"ನಡಸೋರಿಗೆ ಚಾಚಾ."

"ನಡಸೋರು ಯಾರು ಬರ್ತಾರ ಇಲ್ಲಿ? ಶಿಗ್ಲಿಯಂವ ಬರ್ತಾನ, ಕಳಸಾಪುರದಂವ ಬರ್ತಾನ. ವ್ಯಾಪ್ತಿ ಅಂದ್ರ ಅವರು ಹೊಲದ ಸರ್ವೆ ಅನ್ಕೋತಾರ. ಎಲ್ಲಿಂದ, ಎಲ್ಲೀತನಕ ಅಂತ ಬರಿ."

"ವ್ಯಾಪ್ತಿ ಇರಲಿ," ಅಂದ ಹೊಳೆಯಪ್ಪ. ಅವನು ಏಳನೆಯ ಇಯತ್ತೆ ಪಾಸಾದವನು, ನಾನು ಎರಡನೆಯದರಲ್ಲಿ ಬಿಟ್ಟವನು. ಇದನ್ನು ಅವನು ನನಗೆ ಮರೆಯಗೊಟ್ಟವನಲ್ಲ. "ಓದು ಬರದವರ ಸಲುವಾಗಿ ಕಾಗದ ಬರಿಯೂದಂದ್ರ ಏನ್ ಹುಡುಗಾಟಕಿ?"

"ಓದು ಬಂದವ್ರಿಗೆ ಕಾಗದ ಯಾಕ ಬೇಕು?"

"ಹಂಗಾರ ನೀನೇ ಬರಿ. ತಗೋ ಪೆನ್ನು."

ಕೌಸರ ಪೆನ್ನನ್ನು ಅವನ ಕೈಯಿಂದ ಕಸಿದುಕೊಂಡು, ವ್ಯಾಪ್ತಿಯನ್ನು ಹೊಡೆದುಹಾಕಿ, 'ಎಲ್ಲಿಂದ' 'ಎಲ್ಲಿಯ ತನಕ' ಅಂತ ಬರೆದಳು. ಹೊಳೆಯಪ್ಪ ಕುರ್ಚಿ ಹಿಂದಕ್ಕೆ ಸರಿಸಿ, ಚಹಾ ಕುಡಿದು ಬರುತ್ತೇನೆ ಅಂತ ಹೊರಟ. ಬಾಗಿಲಲ್ಲಿ ನಿಂತು, "ನಾ ಬರೂದರಾಗ ಇಂವ ಹಾಲು ತನ್ನ ಹೆಸರಿಗೆ ಬರಸ್ಕೊಂಡಿರ್ತಾನ, ನೋಡ್ಕೊ ತಂಗಿ," ಅಂದ.

ಅವನು ಹೋದ ಮೇಲೆ ನಾನು ಒಂದೊಂದಾಗಿ ಕೇಳಿದೆ. ಮೊದಲಿನ ಖಾನೆಯಲ್ಲಿ ಏನು, ಎರಡನೆಯದರಲ್ಲಿ ಏನು, ಗುಂಡಿ ಒತ್ತಿದರೆ ತಿರುಗಿ ಕೇಳುತ್ತದೋ ಇಲ್ಲವೋ. ತಿರುಗಿ ಕೇಳುವುದಿಲ್ಲ ಎಂಬುದನ್ನೂ ಅವಳು ಸಮಾಧಾನದಿಂದಲೇ ಹೇಳಿದಳು. ನಾಲ್ಕನೆಯ ಮಾತಿಗೆ ನಾನು ಕೇಳಿದೆ, "ಎರಡನೇ ಖಾನಿ ಖಾಲಿ ಬಿಟ್ರ?"

"ಯಾರ್ ಬಿಡ್ತಾರ ಚಾಚಾ?"

"ನಾವು ಬಿಡ್ತೀವಿ."

ಬಿಡುವುದು ನಮ್ಮ ರೂಢಿ. ಕಂಪನಿಯಲ್ಲಿ ಪ್ರತಿ ಪ್ರವೇಶಕ್ಕೂ ಒಂದು ಚೀಟಿ ಇರುತ್ತಿತ್ತು. ಒಂದು ದೀಪಕ್ಕೆ ಒಂದು ಖಾನೆ. ಏರಿಸುವುದಿದ್ದರೆ ಅಂಕಿ, ಆರಿಸುವುದಿದ್ದರೆ ಸೊನ್ನೆ. ಖಾಲಿ ಬಿಟ್ಟರೆ, ಆ ದೀಪಕ್ಕೆ ಕೈ ಹಚ್ಚಬೇಡ, ಇದ್ದಂತೆ ಇರಲಿ ಅಂತ ಅರ್ಥ. ಉಪ್ಪುನೀರು ಹೋಗಿ ಡಿಮ್ಮರು ಬಂದಿತು, ಡಿಮ್ಮರು ಹೋಗಿ ಬೋರ್ಡು ಬಂದಿತು, ನಮ್ಮ ಕೈ ಮಾತ್ರ ಆ ಚೀಟಿಯಲ್ಲೇ ಉಳಿದಿದೆ. ಖಾಲಿ ಖಾನೆ ಕಂಡರೆ ನಮ್ಮಂಥವರಿಗೆ ಧೈರ್ಯ.

ಇದನ್ನು ಕೌಸರಳಿಗೆ ಹೇಳಿದೆ. "ಇದ್ರಾಗ ಹಂಗಿಲ್ಲ. ಎಲ್ಲೀತನಕ ಅಂತ ಹೇಳದಿದ್ರ ಕಡೀತನಕ ಅಂತ ತಿಳಕೊತೈತಿ. ಎಲ್ಲಾ ಒಮ್ಮೆಲೇ ತಗಿಯೂದಿದ್ರ ಬೇಕಾಗ್ತದಂತ ನಾನೇ ಹಂಗ ಇಟ್ಟೀನಿ."

"ಐವತ್ತು ಅಂತ ಬರದು ಖಾಲಿ ಬಿಟ್ರ?"

"ಐವತ್ತರಿಂದ ಇನ್ನೂರರ ಮಟ. ಎಲ್ಲಾ ಹೊಕ್ಕಾವು."

"ಅದನ್ನ ಎಲ್ಲಾಕಿಂತ ಮ್ಯಾಲ ಬರಿ. ದಪ್ಪ ಅಕ್ಷರದಾಗ ಬರಿ."

ಬರೆದಳು. ಎರಡೂ ಖಾನೆ ತುಂಬದೆ ಕೆಂಪು ಗುಂಡಿ ಒತ್ತಬೇಡಿ, ಒಂದನ್ನೇ ತೆಗೆಯುವುದಿದ್ದರೆ ಎರಡೂ ಖಾನೆಯಲ್ಲಿ ಅದೇ ನಂಬರು ಹಾಕಿ, ಖಾಲಿ ಬಿಟ್ಟರೆ ಕಡೆಯವರೆಗೆ ಎಲ್ಲವೂ ಹೋಗುತ್ತವೆ. ನನಗೆ ಎರಡು ಸಲ ಓದಿ ಹೇಳಿದಳು. ಅಷ್ಟರಲ್ಲಿ ರಂಗದ ಮೇಲೆ ಒಂದು ದೀಪ ಉರಿಯುತ್ತಿಲ್ಲವೆಂದು ಕೆಳಗಿನಿಂದ ಕೂಗಿದರು. ಅವಳು ಹೊಸ ಬಲ್ಬು ತೆಗೆದುಕೊಂಡು ನಿಚ್ಚಣಿಕೆ ಹುಡುಕಲು ಹೋದಳು.

ಹೊಳೆಯಪ್ಪ ಬಂದ. ಕಾಗದ ಎತ್ತಿ ಓದಿದ. ಮೇಲಿನ ಸಾಲಿಗೆ ಬಂದಾಗ ಅವನ ಉಸಿರು ಬದಲಾದದ್ದು ನನಗೆ ಕೇಳಿಸಿತು.

"ಇದನ್ನ ಯಾರ್ ಬರಸಿದ್ರು?"

"ನಾನು."

"ನನ್ನ ಸಲುವಾಗಿ ಬರಸೀದಿ."

"ಎಲ್ಲಾರ ಸಲುವಾಗಿ."

"ಖಾನಿ ತುಂಬರಿ, ಖಾನಿ ತುಂಬರಿ. ಬಾಲವಾಡಿ ಹುಡುಗರಿಗೆ ಹೇಳಿದಂಗ. ಇವತ್ತು ತಗಿಯಾಂವ ಯಾರು? ನಾನು. ನೀ ಅಂತೂ ನಿನ್ನವು ಒಂದೂ ಬಿಡಾಂವಲ್ಲ. ನನ್ನವೇ ಹತ್ತು ಹೋಗಬೇಕು. ಅದಕ್ಕ ಗ್ವಾಡಿಗೆ ಹಚ್ಚಾಕ ಹತ್ತೀದಿ, ಹೊಳೆಯಪ್ಪಗ ಬರೂದಿಲ್ಲ ಅಂತ. ಹೋಗೂ ಬರೂ ತಂಡದವರೆಲ್ಲ ಓದಲಿ ಅಂತ."

"ಅದು ನಮ್ಮ ಚೀಟಿ ಇದ್ದಂಗ ಇಲ್ಲೋ. ಅಕಿನ್ನ ಕೇಳು."

"ಆ ಹುಡುಗಿನ್ನ ಕೇಳಿ ನಾ ಲೈಟು ಕಲೀಬೇಕಾ?"

ಪೆನ್ನು ಕಾಗದದ ಮೇಲೆ ಅಡ್ಡ ಹರಿದ ಸಪ್ಪಳ ಕೇಳಿಸಿತು. ಒಮ್ಮೆ ಅಲ್ಲ, ಮೂರು ಸಲ. ಆ ಸಾಲನ್ನು ಅವನು ಓದಲು ಬಾರದಂತೆ ಹೊಡೆದುಹಾಕಿದ.

ಆಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತ. "ಐವತ್ತೆಂಟು ಮೊದಲ ತಗೀತೀನಿ. ಅದು ಸುಮಾರ ಐತಿ," ಅಂತ ತನ್ನಷ್ಟಕ್ಕೆ ಅಂದುಕೊಂಡ. ಅವನ ಬೆನ್ನ ಹಿಂದೆ ಕೂತು ನಾನು ಕಿವಿಗೊಟ್ಟೆ. ಟಕ್, ಟಕ್. ಎರಡು ಅಂಕಿ. ಎಂಟರ ಅಂಕಿ ಬಿದ್ದ ಮೇಲೆ ಇನ್ನೊಂದು ಕೀಲಿ ಒತ್ತಿದ, ಮುಂದಿನ ಖಾನೆಗೆ ಹೋಗುವುದು. ಇನ್ನು ಎರಡು ಟಕ್ ಕೇಳಿಸಬೇಕಾಗಿತ್ತು. ಕೇಳಿಸಲಿಲ್ಲ. ಕುರ್ಚಿ ಕಿರ್ ಅಂದಿತು. ಅವನ ಕೈ ಗುಂಡಿಯ ಕಡೆಗೆ ಹೋಗುತ್ತಿತ್ತು.

ನಾನು ಎದ್ದು ಅವನ ಮುಂಗೈ ಹಿಡಿದೆ.

"ಕೈ ಬಿಡಲೇ."

"ಖಾನಿ ಖಾಲಿ ಐತಿ."

"ಖಾಲಿ ಇರಬೇಕಂತನ ಬಿಟ್ಟೀನಿ. ಉಳಿದವು ಇದ್ದಂಗ ಇರಲಿ ಅಂತ. ಕೈ ಬಿಡು ಅಂದ್ನಿ."

"ಎಲ್ಲಾ ಹೊಕ್ಕಾವು. ನಿನ್ನವೂ ಹೊಕ್ಕಾವು, ನನ್ನವೂ ಹೊಕ್ಕಾವು. ಅಕಿ ಬರೂತನ ತಡಿ."

ಅವನು ಕೈ ಕೊಡವಿಕೊಂಡ. ನಾನು ಬಿಡಲಿಲ್ಲ. ಇಬ್ಬರೂ ಎಪ್ಪತ್ತರ ಹತ್ತಿರದವರು, ಒಬ್ಬರ ಮೈಮೇಲೆ ಒಬ್ಬರು ಬಾಗಿಕೊಂಡು, ಮಕ್ಕಳು ಗೋಲಿಗೆ ಕಿತ್ತಾಡಿದಂತೆ ಕಿತ್ತಾಡಿದೆವು. ಕುರ್ಚಿ ಗೋಡೆಗೆ ಬಡಿಯಿತು. ಕೌಸರಳನ್ನು ಕೂಗಿದೆ, ಆದರೆ ಕೆಳಗೆ ನಿಚ್ಚಣಿಕೆ ಎಳೆಯುವ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಹೊಳೆಯಪ್ಪ ಒಮ್ಮೆಲೇ ಕೊಸರುವುದು ನಿಲ್ಲಿಸಿದ. "ಖಾನಿ ಖಾಲಿ ಐತಿ ಅಂತ ನಿನಗ ಹೆಂಗ ಗೊತ್ತಾತು?"

"ಕೇಳಿಸ್ತು."

"ಕೇಳಿಸ್ತು. ಕಾಣಲಿಲ್ಲ?"

ನಾನು ಅವನ ಮುಂಗೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಮೊದಲನೇ ಖಾನ್ಯಾಗ ಏನೈತಿ ಹೇಳು ನೋಡೂನು. ಅಂಕಿ ಬರ್ತಾವಲ್ಲ ನಿನಗ."

"ಐವತ್ತೆಂಟು."

"ಅದನ್ನ ನಾ ಬಾಯಿಲೆ ಅಂದಿದ್ನಿ. ಒಂದು ಅಂಕಿ ಈಗ ಬದಲಿ ಮಾಡೀನಿ. ಈಗ ಏನೈತಿ?" ಅವನು ಏನೋ ಒತ್ತಿದ್ದ. ನಾನು ಬಾಗಿ ನೋಡಿದೆ. ಬಿಳಿ ತೆರೆಯ ನಡುವೆ ಅದೇ ಹೊಗೆ.

"ದೀಪದ ಮುಂದ ಬಣ್ಣದ ಹಾಳಿ ನೀ ಯಾಕ ಬದಲಿ ಮಾಡವಲ್ಲಿ ಅಂತ ನಾ ವರ್ಷದಿಂದ ನೋಡಾಕ ಹತ್ತೀನಿ," ಅಂದ ಅವನು. "ಸೋಮಾರಿ ಆಗ್ಯಾನಂತ ತಿಳಕೊಂಡಿದ್ನಿ. ಕುಡ್ಡ ಆಗೀದಿ. ಹೌದಿಲ್ಲೋ?"

ಕೆಳಗಿಳಿದು ನಿಜಲಿಂಗಪ್ಪನಿಗೆ ಅವನು ಒಂದು ಮಾತು ಹೇಳಿದರೆ ಸಾಕು, ಆ ರೂಮಿನಲ್ಲಿ ನನಗೆ ಜಾಗವಿಲ್ಲ. ಇಲ್ಲ ಅಂತ ಸುಳ್ಳು ಹೇಳಿ ಕೈ ಬಿಟ್ಟರೆ ಅವನು ಗುಂಡಿ ಒತ್ತುತ್ತಾನೆ. ಎರಡನ್ನೂ ಉಳಿಸಿಕೊಳ್ಳುವ ದಾರಿ ನನಗೆ ಹೊಳೆಯಲಿಲ್ಲ.

"ಹೌದು," ಅಂದೆ. "ಎರಡು ವರ್ಷ ಆತು. ಹಳದಿ, ಬಿಳಿ ತಿಳಿಯೂದಿಲ್ಲ. ನಿನ್ನ ಮಾರಿ ಕಾಣೂದಿಲ್ಲ, ಅದೊಂದು ಪುಣ್ಯ. ಅವು ಎಪ್ಪತ್ತೆರಡು ಹೋದ್ರ ನಾ ತಿರುಗಿ ಮಾಡಾಕ ಆಗೂದಿಲ್ಲ. ನಿನ್ನವು ನೀ ಮತ್ತ ಮಾಡ್ಕೊತೀದಿ, ನಿನಗ ಕಣ್ಣದಾವ. ನನಗ ಅವಷ್ಟ. ಎರಡನೇ ಖಾನ್ಯಾಗ ಅದೇ ನಂಬರ್ ಹಾಕು. ಆಮ್ಯಾಲ ಏನ್ ಮಾಡ್ತೀ ಮಾಡು."

ಅವನು ತಿರುಗಿ ನನ್ನನ್ನು ನೋಡಿರಬೇಕು. ಕೆಳಗೆ ಯಾರೋ ನಿಚ್ಚಣಿಕೆ ಹಿಡಿಯಿರಿ ಅನ್ನುತ್ತಿದ್ದರು.

"ಹಿಂದಕ್ಕ ಸರಿ," ಅಂದ ಕಡೆಗೆ. "ಮೈಮ್ಯಾಲ ಬಿದ್ರ ನಾ ಹೆಂಗ ಒತ್ತಲಿ?"

ಸರಿದೆ. ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಟಕ್, ಟಕ್. ನಿಂತಿತು. ಮತ್ತೆ ಟಕ್, ಟಕ್. ಆಮೇಲೆ ಗುಂಡಿ.

"ಒಂದ ಹೋತು," ಅಂದ. ಬೋರ್ಡಿನ ಕಡೆ ಸರಿದು ಐವತ್ತೊಂಬತ್ತು ಒತ್ತಿ ನೋಡಿದ, ನೂರಾ ಒಂದು ಒತ್ತಿ ನೋಡಿದ. ರಂಗದ ಮೇಲೆ ಬೆಳಕು ಬಂದದ್ದು ನನ್ನ ಕಣ್ಣಿನ ಅಂಚಿಗೆ ಮಸುಕಾಗಿ ತಾಗಿತು. ಕೆಳಗೆ ಕೌಸರ, "ಯಾರ್ರೀ ಲೈಟ್ ಹಚ್ಚಿದವ್ರು? ನಿಚ್ಚಣಿಕಿ ಮ್ಯಾಲ ಅದೀನಿ ನಾ," ಅಂತ ಒದರಿದಳು. ಅವನು ಆರಿಸಿದ. ಇನ್ನೊಂಬತ್ತನ್ನು ಒಂದೊಂದಾಗಿ, ಎರಡೂ ಖಾನೆ ತುಂಬಿ ತೆಗೆದ. ಎಣಿಸಿದೆ. ಪ್ರತಿಯೊಂದಕ್ಕೂ ನಾಲ್ಕು ಟಕ್.

ಕೌಸರ ಬಂದು ಕಾಗದ ನೋಡಿ, "ಇದನ್ನ ಯಾಕ ಕೆಡಿಸಿದ್ರಿ ಕಾಕಾ?" ಅಂದಳು.

"ಹೊಸಾದು ಬರಿ. ಆ ಸಾಲು ಹಂಗ ಇರಲಿ," ಅಂದ ಹೊಳೆಯಪ್ಪ. ಅವಳು ಇನ್ನೇನೋ ಕೇಳುವಷ್ಟರಲ್ಲಿ, "ಬರಿ ಅಂದ್ನಿ," ಅಂದ. ಅವಳು ನಮ್ಮಿಬ್ಬರನ್ನೂ ಮನಸ್ಸಿನಲ್ಲಿ ಬೈದುಕೊಂಡು ಹೊಸ ಹಾಳೆ ತಗೊಂಡಳು.

"ನಿಜಲಿಂಗಪ್ಪಗ ಹೇಳಾಂವ ನಾ," ಅಂದ ಅವನು ನನ್ನ ಕಡೆ ತಿರುಗಿ. "ಮುಚ್ಚಿಡೂದಿಲ್ಲ. ನಾಳೆ ಮ್ಯಾಲಿನ ದೀಪ ಬಿಚ್ಚಾಕ ಹೋಗಿ ಯಾರದರ ತಲಿ ಮ್ಯಾಲ ಕೆಡವಿಗಿಡವೀದಿ. ನಾಳಿಂದ ಇಲ್ಲಿ ಕುಂಡ್ರಬ್ಯಾಡ."

"ಆತು."

ನಾನು ಜಗಳ ತೆಗೆಯುತ್ತೇನೆ ಅಂತ ಅವನು ಕಾದಿದ್ದ ಅಂತ ಕಾಣುತ್ತದೆ. ಆತು ಅಂದದ್ದು ಅವನಿಗೆ ಸಿಟ್ಟು ತರಿಸಿತು.

"ಆತು ಅಂದ್ರ? ನೀ ಹೋದ ಮ್ಯಾಲ ಅವು ಯಾರವು? ಮುಂದಿನ ತಿಂಗಳ ಇನ್ನೊಂದು ತಂಡ ಬರ್ತೈತಿ. ನಿಜಲಿಂಗಪ್ಪ ಕೇಳ್ತಾನ, ಯಾರೂ ಹಚ್ಚಲಾರದವು ಎಪ್ಪತ್ತೆರಡು ಯಾಕ ಇಟ್ಟೀರಿ, ತಗೀರಿ ಅಂತಾನ. ಆವಾಗ ಖಾನಿ ತುಂಬೇ ತಗೀತಾರ, ಅಷ್ಟ ಫರಕು. ಯಾವ ನಂಬರ್ ಯಾವುದಕ್ಕಂತ ನನಗೇನ್ ಗೊತ್ತೈತಿ? ಎಲ್ಲೆರೆ ಬರದೀದೇನು?"

"ಇಲ್ಲ. ನನಗ ಗೊತ್ತದಾವ."

"ನಿನಗ ಗೊತ್ತಿದ್ರ ಯಾರಿಗೇನು ಉಪಯೋಗ?"

ಅವನು ಕೌಸರಳ ಮುಂದಿನಿಂದ ಎರಡು ಹಾಳೆ ಎಳೆದುಕೊಂಡ. ಪೆನ್ನು ಹಿಡಿದ. ಅವನಿಗೆ ನನ್ನ ಬೆಳಕುಗಳ ಮೇಲೆ ಆಸೆ ಇತ್ತೋ, ಅವು ಹೋಗಬಾರದು ಅಂತ ಇತ್ತೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಈ ಮನುಷ್ಯನ ಕೈಯಲ್ಲಿ ಅವನ್ನು ಬಿಟ್ಟು ಹೋಗುವುದಕ್ಕಿಂತ ಅವು ಅಳಿಸಿಹೋದರೇ ಒಳ್ಳೆಯದಿತ್ತೇನೋ ಅಂತ ಒಂದು ಗಳಿಗೆ ಅನ್ನಿಸಿತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅದು ತಾನಾಗಿ ಆಗುತ್ತಿತ್ತು.

"ನೂರಾ ಒಂದು," ಅಂದೆ. "ಬೆಳಗಿನ ಜಾವ. ಕಪ್ಪತಗುಡ್ಡದ ಹಿಂದ ಹೊತ್ತು ಇನ್ನೂ ಹುಟ್ಟಿಲ್ಲ, ಗುಡ್ಡದ ಬೆನ್ನು ಅಷ್ಟೇ ಕಾಣ್ತೈತಿ. ಏರಾಕ ನಲವತ್ತು ಎಣಸಬೇಕು. ನಲವತ್ತರ ಒಳಗ ಯಾರೂ ಮಾತಾಡಬಾರದು."

ಬರೆದ.

"ನೂರಾ ಎರಡು. ಅದೇ ಜಾವ, ಒಳಗ ಒಲಿ ಹತ್ತೇತಿ. ಎಡಗಡೆ ಕೆಳಗಿನ ದೀಪ. ಹೆಣ್ಣುಮಗಳ ಕೈ ಕಾಣಬೇಕು, ಮಾರಿ ಕಾಣಬಾರದು. ನೂರಾ ಮೂರು ಸಂತಿ ಮಧ್ಯಾಹ್ನ, ಮ್ಯಾಲ ತಾಡಪತ್ರಿ ಕಟ್ಟಿದ ನೆರಳು."

"ನೂರಾ ನಾಕು?"

"ಎರಿ ಹೊಲದ ಮ್ಯಾಲ ಸಂಜಿ. ಶಿಗ್ಲಿ ಹಾದ್ಯಾಗ ನಿಂತು ನೋಡಿ ಮಾಡಿದ್ದು."

"ಅದನ್ನ ನಾ ನೋಡೀನಿ. ಅದು ಸಂಜಿ ಅಲ್ಲ, ಕಾಮಾಲಿ ಆದವನ ಕಣ್ಣು."

"ನಿನ್ನ ಜನ್ಮದಾಗ ಹೊಲ ನೋಡೀದೇನು ನೀ? ಬೇಕಾದ್ರ ಬರಿ, ಇಲ್ಲಾಂದ್ರ ಬಿಡು."

"ಬರಿಯಾಕ ಹತ್ತೀನಲ್ಲ."

ಕೌಸರ ನಗಲಿಲ್ಲ. ತನ್ನ ಕಾಗದ ಮುಗಿಸಿ, ಗೋಡೆಗೆ ಅಂಟಿಸಿ, ಲ್ಯಾಪ್‌ಟಾಪು ಮುಚ್ಚಿಟ್ಟು ನಮ್ಮ ಹತ್ತಿರ ಬಂದು ಕೂತಳು. ನಾವು ನೂರಾ ಹನ್ನೊಂದಕ್ಕೆ ಬಂದಾಗ ಶಿರಹಟ್ಟಿಯವರ ಗಾಡಿ ಗೇಟಿನ ಹೊರಗೆ ಹಾರ್ನು ಹೊಡೆಯಿತು. ನಿಜಲಿಂಗಪ್ಪ ಮೆಟ್ಟಿಲ ಬುಡದಲ್ಲಿ ನಿಂತು, ಜಾಗ ಖಾಲಿ ಆದವೇನ್ರಿ ಅಂತ ಕೂಗಿದ.

"ಆಗ್ಯಾವ. ಹತ್ತು ನಿಮಿಷ ತಡೀರಿ," ಅಂದ ಹೊಳೆಯಪ್ಪ.

ಹತ್ತು ನಿಮಿಷದಲ್ಲಿ ಇನ್ನು ಅರವತ್ತೊಂದು ಮುಗಿಯುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ನೂರಾ ಹನ್ನೆರಡು ಬಹಳ ಕಷ್ಟದ ಬೆಳಕು. ಮಳೆ ಬಂದು ನಿಂತ ಮೇಲೆ ಬೀಡಿ ಸೇದುವವನ ಮುಖ ಅದು. ಅದನ್ನು ಹೇಗೆ ಹೇಳಬೇಕು ಅಂತ ನಾನು ಮಾತು ಹುಡುಕುತ್ತಿದ್ದೆ.

"ಜಲ್ದಿ ಹೇಳಲೇ," ಅಂದ ಅವನು. "ನಿನ್ನ ಮುಂದ ಕುಂಡ್ರಾಕ ನನಗೇನ್ ಹೌಸಿಲ್ಲ."